ನೋಡದ ಊರಿನ ಮೇಲೆ ನನ್ನ ಸಿಟ್ಟು

ನನಗೆ ಫ್ರಾನ್ಸಿನ ಒಂದು ಹಳ್ಳಿಯ ಮೇಲೆ ವಿಪರೀತ ಸಿಟ್ಟಿದೆ. ಆ ಹಳ್ಳಿಯನ್ನು ನಾನು ನೋಡಿಲ್ಲ, ಅಲ್ಲಿನವರು ನನಗೆ ಕೆಟ್ಟದ್ದು ಮಾಡಿಲ್ಲ, ಅದರ ಹೆಸರು ಕೂಡ ನನ್ನ ಬಾಯಲ್ಲಿ ನೆಟ್ಟಗೆ ತಿರುಗುವುದಿಲ್ಲ. ಬರೆಯಲು ಒಂದು ಸಾಲು ಬೇಕು, ಹೇಳುವಾಗ ಎರಡೇ ಅಕ್ಷರ. ಮಿಕ್ಕವನ್ನೆಲ್ಲ ಫ್ರೆಂಚರು ಶೋಭೆಗೆಂದು ಇಟ್ಟುಕೊಂಡಿದ್ದಾರೆ. ಆದರೂ ಸಿಟ್ಟಿದೆ. ಸವತಿಯ ಮೇಲೆ ಸಿಟ್ಟು ಬರಬೇಕಾದರೆ ಅವಳ ಮುಖ ನೋಡಿರಲೇಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಇದು ಶುರುವಾದದ್ದು ನಮ್ಮ ಯಜಮಾನರ ಮೊಣಕಾಲಿನಿಂದ. ಐವತ್ತರ ಹೊಸ್ತಿಲಲ್ಲಿ ಬ್ಯಾಡ್ಮಿಂಟನ್ ಆಡುತ್ತೇನೆಂದು ಹೋದವರು ಕಾಲು ತಿರುಚಿಕೊಂಡು ಬಂದರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಕ್ಕದ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿನ ಸೋಫಾದ ಮೇಲೆ ಕಾಲು ಚಾಚಿ ಮಲಗಿ, ಆಫೀಸಿನ ಕೆಲಸ ಮುಗಿದ ಮೇಲೆ ಇಂಟರ್‌ನೆಟ್ಟಿನಲ್ಲಿ ಕಂಡ ಕಂಡ ಪುಟ ತೆರೆಯುತ್ತ ಹೋದರು. ಒಂದು ದಿನ ಕಪ್ಪೆಗಳ ಬಗ್ಗೆ, ಒಂದು ದಿನ ಯಾವುದೋ ರಾಜನ ಹಲ್ಲುನೋವಿನ ಬಗ್ಗೆ. ಹೀಗೆ ಅಲೆಯುತ್ತಿರುವಾಗ ಒಂದು ದಿನ ಈ ಹಳ್ಳಿ ಸಿಕ್ಕಿತು. ಅಲ್ಲಿಗೆ ಅಲೆದಾಟ ನಿಂತಿತು.

ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ದಿನವಿಡೀ ಜೀವಕೋಶಗಳಿಗೆ ಊಟ ಹಾಕಿ, ಫ್ರೀವೇಯಲ್ಲಿ ತೆವಳಿ ಮನೆಗೆ ಬಂದರೆ, ಬಾಗಿಲಲ್ಲೇ ಸುದ್ದಿ.

“ಗೊತ್ತೇನೆ, ಆ ಊರು ಇರೋದು ಎರಡು ಹೊಳೆ ಸೇರೋ ಜಾಗದಲ್ಲಂತೆ. ಹಿಂದುಗಡೆ ಸುಣ್ಣದ ಕಲ್ಲಿನ ಗುಡ್ಡ.”

“ಹೌದೇನ್ರಿ. ಕುಕ್ಕರ್ ಇಟ್ಟೀರೇನು?”

ಕುಕ್ಕರ್ ಇಟ್ಟಿರುತ್ತಿರಲಿಲ್ಲ. ಗದಗ ಸೀಮೆಯ ಹೆಂಗಸಿನ ಪ್ರಶ್ನೆಗೆ ಮೈಸೂರಿನ ಗಂಡಸು ಉತ್ತರ ಕೊಡದೆ ನಗುವುದು ನಮ್ಮ ಮದುವೆಯ ಮೊದಲ ದಿನದಿಂದಲೂ ನಡೆದು ಬಂದ ಪದ್ಧತಿ.

ಅಷ್ಟಿಷ್ಟು ಕಿವಿಗೆ ಬಿದ್ದದ್ದರಿಂದ ಈಗ ನನಗೂ ಆ ಊರಿನ ಚರಿತ್ರೆ ಬಾಯಿಪಾಠ. ಹನ್ನೆರಡನೇ ಶತಮಾನದ ಚರ್ಚಿದೆ. ಊರ ಹೆಂಗಸರೆಲ್ಲ ಕೂತು ಬಟ್ಟೆ ಒಗೆಯುತ್ತಿದ್ದ, ಮೇಲೆ ಹೆಂಚು ಹೊದಿಸಿದ ಕಲ್ಲಿನ ತೊಟ್ಟಿಯಿದೆ. ಗುಂಡಗೆ ಎತ್ತರವಾಗಿ ಕಟ್ಟಿದ ಪಾರಿವಾಳದ ಗೋಪುರವಿದೆ. ಆ ಕಾಲದಲ್ಲಿ ಅಂಥ ಗೋಪುರ ಕಟ್ಟಿಸುವ ಹಕ್ಕು ದೊರೆಗಳಿಗೆ ಮಾತ್ರವಂತೆ. ಅವರ ಪಾರಿವಾಳ ಬಂದು ರೈತ ಬಿತ್ತಿದ ಕಾಳನ್ನೆಲ್ಲ ತಿಂದರೂ ರೈತ ಅದರ ರೆಕ್ಕೆ ಮುಟ್ಟುವ ಹಾಗಿಲ್ಲ. ಕ್ರಾಂತಿಯಾದಾಗ ಜನ ಮೊದಮೊದಲು ಕಿತ್ತೆಸೆದ ಹಕ್ಕುಗಳಲ್ಲಿ ಇದೂ ಒಂದು ಎಂದು ಯಜಮಾನರು ಪುಳಕಗೊಂಡು ಹೇಳಿದರು. ಒಗೆದ ಬಟ್ಟೆ ಮಡಿಸುತ್ತ ಕೇಳುತ್ತಿದ್ದ ನನಗೆ ಇದಕ್ಕಿಂತ ಸಣ್ಣ ಕಾರಣಕ್ಕೂ ಕ್ರಾಂತಿಯಾಗಬಹುದು ಅನ್ನಿಸಿತು.

ಚರ್ಚಿನ ಎದುರು ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿದೆ. ಅದರಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು. ಅವರ ಹೆಸರುಗಳನ್ನು ಯಜಮಾನರು ತಮ್ಮ ಸೋದರತ್ತೆಯ ಮಕ್ಕಳನ್ನು ನೆನೆಯುವ ಹಾಗೆ ನೆನೆಯುತ್ತಾರೆ. ನನ್ನ ಸ್ವಂತ ಚಿಕ್ಕಮ್ಮನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ನನ್ನ ತವರೂರಿನಲ್ಲಿ ಚಾಲುಕ್ಯರ ಕಾಲದ ಗುಡಿಯಿದೆ. ನಾವು ಅದರ ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದೆವು, ಕಂಬಕ್ಕೆ ಆಡು ಕಟ್ಟುತ್ತಿದ್ದೆವು, ಪರೀಕ್ಷೆ ಬಂದಾಗ ಮಾತ್ರ ಒಳಗಿನ ದೇವರನ್ನು ಮಾತಾಡಿಸುತ್ತಿದ್ದೆವು. “ನಮ್ಮೂರ ಗುಡಿ ನಿಮ್ಮ ಚರ್ಚಿಗಿಂತ ಹಳೇದೈತ್ರಿ” ಎಂದು ಒಮ್ಮೆ ಅಂದೆ. “ಹೌದಾ?” ಎಂದು ಕೇಳಿ ಮತ್ತೆ ಫೋನಿಗೆ ಮುಖ ಹಾಕಿದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಊರಿಗೆ ಎರಡೇ ಸಲ ಬಂದಿದ್ದಾರೆ; ಎರಡು ಸಲವೂ ಅವರಿಗೆ ನೆನಪಿರುವುದು ಅಲ್ಲಿನ ಬಚ್ಚಲು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ಗಿಡದ ಬಗ್ಗೆ ಅಲ್ಲ, ಅಳಿಯಂದಿರ ಬಗ್ಗೆ ಇರಬೇಕು.

ಹೋಗಲಿ, ಇರುವ ಊರಿನ ಮೇಲಾದರೂ ಮನಸ್ಸಿದೆಯೇ ಎಂದರೆ ಅದೂ ಇಲ್ಲ. ಮಿಲ್ಪಿಟಾಸ್ ಎಂದರೆ ಸಣ್ಣ ಸಣ್ಣ ಮೆಕ್ಕೆಜೋಳದ ಹೊಲಗಳು ಎಂದು ಅರ್ಥವಂತೆ. ಈಗ ಜೋಳ ಬೇಕಾದರೆ ಇಂಡಿಯನ್ ಗ್ರೋಸರಿಗೇ ಹೋಗಬೇಕು. ಹೊಲವಿದ್ದಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಗಳು, ಕಂಪನಿಗಳ ನಡುವೆ ನಮ್ಮಂಥವರ ಟೌನ್‌ಹೌಸುಗಳು. ಕೊಲ್ಲಿಯ ಕಡೆಯಿಂದ ಗಾಳಿ ಬೀಸಿದ ದಿನ ಒಂದು ವಾಸನೆ ಬರುತ್ತದೆ. ಮೊದಲ ವರ್ಷ ಮೂಗು ಮುಚ್ಚಿಕೊಂಡೆವು, ಆಮೇಲೆ ಗಾಳಿ ಯಾವ ದಿಕ್ಕಿನದೆಂದು ಹೇಳಲು ಕಲಿತೆವು. ನನ್ನ ಮಟ್ಟಿಗೆ ಒಂದು ಊರು ಸ್ವಂತದ್ದಾಗುವುದಕ್ಕೆ ಅಷ್ಟು ಸಾಕು. ಅವರಿಗೆ ಸಾಕಾಗಲಿಲ್ಲ.

ಒಂದು ಶನಿವಾರ ಗ್ರೋಸರಿಯಲ್ಲಿ ನಾನು ಕರಿಬೇವು ಆರಿಸುತ್ತಿದ್ದಾಗ ಅವರು ಹಿಂದಿನಿಂದ, “ನಮ್ಮೂರಲ್ಲಿ ಈಗ ಚೆರ್ರಿ ಹೂ ಬಿಟ್ಟಿರುತ್ತೆ” ಅಂದರು. ಮೈಸೂರಿಗೆ ಚೆರ್ರಿ ಎಲ್ಲಿಂದ ಬಂತು ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ತಿಳಿಯಿತು. ಅದೇ ಉಸಿರಿನಲ್ಲಿ, “ಈ ಮನೆ ಮಾರಿ ಅಲ್ಲಿಗೆ ಹೋಗಿಬಿಡೋಣ ಕಣೆ. ಉಳಿದ ಆಯಸ್ಸು ಅಲ್ಲೇ ಕಳೆಯೋಣ” ಅಂದರು. ತಮಾಷೆ ಮಾಡುವಾಗ ಅವರ ಎಡಗಣ್ಣು ಸಣ್ಣದಾಗುತ್ತದೆ. ಅವತ್ತು ಎರಡೂ ಕಣ್ಣು ಸಮವಾಗಿದ್ದವು.

ನಾನು ಹೋಗಲಾರೆ. ಇಲ್ಲಿ ನನ್ನ ಕೆಲಸವಿದೆ, ಬಾಗಿಲು ಬಡಿಯದೆ ಒಳಗೆ ಬರುವ ಇಬ್ಬರು ಗೆಳತಿಯರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇನ್ಶೂರೆನ್ಸಿನವರ ಜೊತೆ ಜಗಳವಾಡಿ ಗೆಲ್ಲುವಷ್ಟು ಇಂಗ್ಲಿಷನ್ನು ಕಷ್ಟಪಟ್ಟು ಸಂಪಾದಿಸಿದ್ದೇನೆ. ನಲವತ್ತೇಳನೇ ವಯಸ್ಸಿನಲ್ಲಿ ಇನ್ನೊಂದು ಭಾಷೆಯಲ್ಲಿ ಮೊದಲಿನಿಂದ ಮೂಗಿಯಾಗಲು ನನ್ನಿಂದಾಗದು. ಇದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ ಕೇಳಿದರು, ಮತ್ತು ಆ ಊರಿನ ಪಂಚಾಯಿತಿಗೆ ಪತ್ರ ಬರೆದರು. ಹೊಸಬರು ಬಂದು ನೆಲೆಸುವುದಾದರೆ ಸ್ವಾಗತ, ಖಾಲಿ ಮನೆಗಳಿವೆ ಎಂದು ಊರಿನ ಪುಟದಲ್ಲಿ ಹಾಕಿದ್ದರಂತೆ.

ನಮಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು. ಹೇಳಿದ ತಕ್ಷಣ ಎದುರಿಗಿದ್ದವರ ದನಿ ಮೆತ್ತಗಾಗುತ್ತದೆ, ಅದಕ್ಕೇ ತಡಮಾಡುತ್ತೇನೆ. ಇಲ್ಲಿನ ಕನ್ನಡ ಕೂಟಗಳಿಗೆ ಹೋದರೆ ಎಲೆ ಹಾಕುವ ಮುಂಚೆ ಕೇಳುವ ಪ್ರಶ್ನೆ “ಮಕ್ಕಳು ಯಾವ ಸ್ಕೂಲು?” ಎಂಬುದು. ಮೊದಲ ವರ್ಷಗಳಲ್ಲಿ ನಕ್ಕೆವು, ನಡುವಿನ ವರ್ಷಗಳಲ್ಲಿ ಡಾಕ್ಟರ ಬಳಿ ಓಡಾಡಿದೆವು, ಆಮೇಲೆ ಕೂಟಕ್ಕೆ ಹೋಗುವುದನ್ನು ಬಿಟ್ಟೆವು. ಈಗ ಗೊತ್ತಿರುವವರು ಕೇಳುವುದಿಲ್ಲ. ನಾವು ಬಂದರೆ ಮಕ್ಕಳ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಮನೆಯ ಬೆಲೆಯ ಬಗ್ಗೆ ಮಾತಾಡುತ್ತಾರೆ. ಕೇಳುತ್ತಿದ್ದ ಕಾಲವೇ ವಾಸಿಯಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಈ ಪ್ರಶ್ನೆ ಇಲ್ಲದ ಊರು ಹುಡುಕಿಕೊಂಡೇ ಇವರು ಹೊರಟಿರಬೇಕು ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ.

ಪತ್ರಕ್ಕೆ ಉತ್ತರ ಬಂತು. ಫ್ರಾನ್ಸಿನಲ್ಲಿ ಎಷ್ಟು ಸಣ್ಣ ಹಳ್ಳಿಯಾದರೂ ಅದಕ್ಕೊಬ್ಬ ಮೇಯರ್ ಇರುತ್ತಾರೆ. ಇವರ ಹಳ್ಳಿಯ ಮೇಯರ್ ಒಬ್ಬ ಹೆಂಗಸು. ಮೇಕೆ ಸಾಕಿ ಚೀಸ್ ಮಾಡುತ್ತಾರೆ, ಬಿಡುವಾದಾಗ ಊರು ಆಳುತ್ತಾರೆ. ನಮ್ಮ ಬೆಳಗ್ಗೆ ಅವರ ಸಂಜೆಯಾದ್ದರಿಂದ ಒಂದು ದಿನ ನಾನು ಲ್ಯಾಬಿಗೆ ಹೊರಡುವ ಮುಂಚೆ ವೀಡಿಯೋ ಕಾಲ್ ಗೊತ್ತಾಯಿತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನನ್ನನ್ನೂ ಪಕ್ಕದಲ್ಲಿ ಕೂರಿಸಿದರು. ಹೆಣ್ಣು ನೋಡುವ ಶಾಸ್ತ್ರದಲ್ಲೂ ಅವರು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಮೇಯರಮ್ಮನಿಗೆ ಮುರುಕು ಇಂಗ್ಲಿಷ್ ಬರುತ್ತಿತ್ತು. ಯಜಮಾನರು ಗುಡ್ಡ, ಹೊಳೆ, ಪಾರಿವಾಳದ ಗೋಪುರ, ಕಲ್ಲಿನ ಮೇಲಿನ ಮೂವರು ಅಣ್ಣತಮ್ಮಂದಿರು ಎಂದು ಹೇಳುತ್ತ ಹೋದರು. ಆಕೆ ಬೆರಗಾಗಿ ಕೇಳಿದರು, ತಮಗೇ ಇಷ್ಟು ಗೊತ್ತಿಲ್ಲ ಎಂದರು. ಇನ್ನೇನು ನನ್ನ ಮನೆ ಹೋಯಿತು ಎಂದುಕೊಂಡೆ. ಆಮೇಲೆ ಆಕೆ ತಮ್ಮ ಕಷ್ಟ ಹೇಳಿಕೊಂಡರು. ಊರಿನ ಒಂದು ಕೋಣೆಯ ಶಾಲೆಗೆ ಹುಡುಗರು ಸಾಲದು, ಇನ್ನೂ ಕಡಿಮೆಯಾದರೆ ಮೇಲಿನವರು ಮುಚ್ಚಿಸುತ್ತಾರೆ, ಶಾಲೆಯ ಪಕ್ಕದ ಮನೆಗಳನ್ನು ಮಕ್ಕಳಿರುವವರಿಗಾಗಿಯೇ ಖಾಲಿ ಇಟ್ಟಿದ್ದೇವೆ ಎಂದರು. ಆಮೇಲೆ ಮುಖವರಳಿಸಿ ಕೇಳಿದರು: ನಿಮಗೆ ಎಷ್ಟು ಮಕ್ಕಳು, ಚಿಕ್ಕವರೇ?

ಯಜಮಾನರು ನನ್ನ ಕಡೆ ನೋಡಿದರು. ಡಾಕ್ಟರ ಎದುರು, ಅತ್ತೆಯ ಎದುರು, ನೆಂಟರ ಎದುರು ಈ ಉತ್ತರ ಕೊಡುವ ಕೆಲಸ ಯಾವಾಗಲೂ ನನ್ನದೇ. “ಮಕ್ಕಳಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಆಕೆ ಕೆಟ್ಟವರಲ್ಲ. ವಯಸ್ಸಾದ ದಂಪತಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಪೇಟೆಯಿಂದ ಬಂದು ಮನೆ ಕೊಂಡು ಕಿಟಕಿ ಮುಚ್ಚಿ ಕೂರುತ್ತಾರೆ ಎಂದರು. ಬೇಸಿಗೆಯಲ್ಲಿ ಪ್ರವಾಸಕ್ಕೆ ಬನ್ನಿ, ಚರ್ಚು ತೋರಿಸುತ್ತೇನೆ ಎಂದರು. ಯಜಮಾನರು ಥ್ಯಾಂಕ್ಸ್ ಹೇಳಿ ಲ್ಯಾಪ್‌ಟಾಪು ಮುಚ್ಚಿದರು.

ನಾನು ಗೆದ್ದಿದ್ದೆ. ಮನೆ ಉಳಿಯಿತು, ಕೆಲಸ ಉಳಿಯಿತು. ಆದರೆ ವರ್ಷವಿಡೀ ಆ ಊರನ್ನು ಬೈದವಳಿಗೆ, ನನ್ನ ಗಂಡನನ್ನು ಬೇಡವೆನ್ನಲು ಅದಕ್ಕೆಷ್ಟು ಸೊಕ್ಕು ಅನ್ನಿಸಿತು. ಚರ್ಚಿದೆ, ಗೋಪುರವಿದೆ, ಸತ್ತವರ ಹೆಸರಿದೆ. ಇಷ್ಟೆಲ್ಲ ಇಟ್ಟುಕೊಂಡು ಕೊಡಲು ಯಾರೂ ಇಲ್ಲದೆ ಕೂತ ಊರು ನಮ್ಮನ್ನು ನೋಡಿ ಕನಿಕರಪಟ್ಟಿತ್ತು. ಅದರ ಪಾಡು ನಮಗಿಂತ ಯಾವುದರಲ್ಲಿ ಮೇಲು?

“ಬಿಡ್ರಿ,” ಅಂದೆ. “ಅವರಿಗೆ ನಾವು ಬ್ಯಾಡಾದ್ರ ನಮಗೂ ಅವರು ಬ್ಯಾಡ. ಇಲ್ಲೆ ನಮ್ಮನ್ನ ಯಾರೂ ಏನೂ ಕೇಳಂಗಿಲ್ಲ.”

“ಅದಕ್ಕೇ ಕಣೆ ಹೊರಟಿದ್ದು,” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಅಷ್ಟು ಸಣ್ಣ ಊರಿಗೆ ನಾವಿಬ್ಬರು ಹೋಗಿ ಸೇರಿದ್ರೆ ಅದರ ಜನಸಂಖ್ಯೆನೇ ಬದಲಾಗುತ್ತೆ. ಯಾರೋ ಒಬ್ಬರು ಹಳೇದು ಹೊಡೆದುಹಾಕಿ ಹೊಸದು ಬರೀಬೇಕಾಗುತ್ತೆ. ಇಲ್ಲಿ ನಾವಿಬ್ಬರೂ ಇಲ್ಲ ಅಂದ್ರೆ ಏನಾಗುತ್ತೆ ಹೇಳು. ಫ್ರೀವೇಲಿ ಒಂದು ಕಾರು ಕಮ್ಮಿ ಆಗುತ್ತೆ, ಅಷ್ಟೆ.”

ನನ್ನ ಲೆಕ್ಕ ತಪ್ಪಾಗಿತ್ತು. ಅವರು ಪ್ರಶ್ನೆಯಿಲ್ಲದ ಊರು ಹುಡುಕಿರಲಿಲ್ಲ, ನಾವು ಎಣಿಕೆಗೆ ಸಿಗುವ ಊರು ಹುಡುಕಿದ್ದರು. ಮಕ್ಕಳಿಲ್ಲದವರಿಗೆ ಹೇಳುವ ಸಮಾಧಾನದ ಮಾತುಗಳನ್ನೆಲ್ಲ ನಾನು ಕೇಳಿ ಮುಗಿಸಿದ್ದೇನೆ. ಒಂದೂ ಕೆಲಸಕ್ಕೆ ಬರುವುದಿಲ್ಲ. ಅವರ ಪಕ್ಕದಲ್ಲೇ ಇನ್ನಷ್ಟು ಹೊತ್ತು ಕೂತೆ. ಲ್ಯಾಬಿಗೆ ಹೊತ್ತಾಗಿತ್ತು.

“ಒಂದಲ್ರಿ, ಎರಡು,” ಅಂದೆ. “ನಂದೂ ಒಂದು ಕಾರು ಅದ.”