ಫ್ರಾಂಕೊ ಮನೆತನದ ಸುಧಕ್ಕ

ಹಣೆಯಲ್ಲಿ ಕಾಸಗಲ ಕುಂಕುಮ, ಮೈಮೇಲೆ ಇಳಕಲ್ ಸೀರೆ, ಬಾಯಲ್ಲಿ "ನಾನು ಸುಧಾ ಫ್ರಾಂಕೊ ರೀ". ಡಲ್ಲಾಸ್ ಪಕ್ಕದ ಕಾಪೆಲ್‌ಗೆ ಹೊಸದಾಗಿ ಬಂದ ಕನ್ನಡಿಗರು ಹುಬ್ಬೇರಿಸಿದರೆ ಸುಧಕ್ಕನಿಗೆ ಹಬ್ಬ. ಮೈಸೂರಿನ ನಮಗೆ ಅಪ್ಪನ ಹೆಸರಿನ ಒಂದಕ್ಷರವಿದ್ದರೆ ಸಾಕು. ಧಾರವಾಡದ ಅವರಿಗೆ ಅಡ್ಡಹೆಸರೆಂದರೆ ಪ್ರಾಣ. ಫ್ರಾಂಕೊ ಎಂದರೆ ಹಳೆಯ ಫ್ರಾಂಕ್ ಜನಾಂಗದವನು, ಸ್ವತಂತ್ರ ಎಂತಲೂ ಅರ್ಥವಿದೆ, ಇಟಲಿಯಲ್ಲೂ ಇದ್ದಾರೆ, ಸ್ಪೇನಿನಲ್ಲೂ ಇದ್ದಾರೆ, ಅಲ್ಲಿಂದ ಹಡಗು ಹತ್ತಿ ಮೆಕ್ಸಿಕೊ, ಫಿಲಿಪೀನ್ಸ್ ಮುಟ್ಟಿದ್ದಾರೆ ಎಂದು ಪಾಠ ಒಪ್ಪಿಸುತ್ತಿದ್ದರು. ತಮ್ಮವರು ಮಾತ್ರ ಇಟಲಿಯ ಸಿಸಿಲಿಯವರು ಎಂದು ಕೊನೆಗೆ ಜಂಬದಿಂದ ಸೇರಿಸುತ್ತಿದ್ದರು.

ಗಂಡ ಟೋನಿ ತೀರಿಕೊಂಡಾಗ ಮಗಳು ಲೀನಾ ಇನ್ನೂ ಕಾಲೇಜಿನಲ್ಲಿದ್ದಳು. ಸುಧಕ್ಕ ಹೆಸರನ್ನೂ ಬಿಡಲಿಲ್ಲ, ಕುಂಕುಮವನ್ನೂ ಅಳಿಸಲಿಲ್ಲ. ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಲೀನಾಳಿಗೆ ಮದುವೆ ನಿಶ್ಚಯವಾದಾಗ ಪುರೋಹಿತರು ಧಾರೆ ಎರೆಯಲು ತಂದೆತಾಯಿಯ ಸ್ಥಾನದಲ್ಲಿ ದಂಪತಿ ಬೇಕೆಂದರು. ಧಾರವಾಡದಿಂದ ನಿಮ್ಮ ಅಣ್ಣ ಅತ್ತಿಗೆ ಬರುತ್ತಾರಲ್ಲ ಎಂದು ನಾವೆಲ್ಲ ಹೇಳಿದೆವು. ಸುಧಕ್ಕ ಒಪ್ಪಲಿಲ್ಲ. ಅಪ್ಪನಿಲ್ಲದ ಹುಡುಗಿ, ಅಪ್ಪನ ಮನೆಯವರೇ ಧಾರೆ ಎರೆಯಬೇಕು ಎಂದು ಹಟ ಹಿಡಿದರು. ಮನೆಯವರು ಎಂದರೆ ಯಾರು? ಜಗಳವಾಡಿಕೊಂಡು ಹ್ಯೂಸ್ಟನ್ ಸೇರಿದ ಟೋನಿಯ ಚಿಕ್ಕಪ್ಪ ಒಬ್ಬರು. ಅವರು ಟೈರ್ ಅಂಗಡಿ ಇಟ್ಟಿದ್ದರಂತೆ. ಅಷ್ಟೇ ಗೊತ್ತಿದ್ದದ್ದು.

ಮದುವೆ ಸೀರೆಗೆಂದು ನಾವಿಬ್ಬರೂ ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ಬೀದಿಗೆ ಡ್ರೈವ್ ಮಾಡಿಕೊಂಡು ಹೋದೆವು. ಸೀರೆ ಅಂಗಡಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಒಂದು ಬೋರ್ಡ್ ಕಂಡಿತು: ಫ್ರಾಂಕೊ ಟೈರ್ಸ್. ಸುಧಕ್ಕ ಕಾರು ನಿಲ್ಲಿಸಿದವರೇ ಸೀದಾ ಒಳಗೆ ನಡೆದರು. ವಿಚಾರಿಸುವುದು, ಗುರುತು ಹೇಳಿಕೊಳ್ಳುವುದು ಏನೂ ಇಲ್ಲ. ಮಾಲೀಕ ಹೆಕ್ಟರ್ ಮಸಿ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಅವರ ಹೆಂಡತಿ ಮಾರ್ತಾಳ ಹಣೆಗೆ ಕುಂಕುಮ ಬಿದ್ದಿತ್ತು, ಕೈಗೆ ಸುಧಕ್ಕನ ಚೀಲದಲ್ಲಿದ್ದ ತೆಂಗಿನಕಾಯಿ, ರವಿಕೆ ಕಣ ಬಂದಿತ್ತು. ನಮ್ಮ ಮನೆ ಮದುವೆ, ನೀವೇ ನಿಂತು ನಡೆಸಿಕೊಡಬೇಕು ಎಂದು ಇಂಗ್ಲಿಷಿನಲ್ಲಿ ಕರೆದೂ ಆಗಿತ್ತು. ಪಾಪ, ಅವರು ಮಾತಿಗೆ ತಬ್ಬಿಬ್ಬಾಗಿ ಆಯಿತೆಂದರು. ಹೊರಡುವಾಗ ಹೆಕ್ಟರ್ ತಮ್ಮ ಅಜ್ಜ ಮೆಕ್ಸಿಕೊದಿಂದ ಬಂದವರೆಂದಾಗ ನನಗೆ ಸುಧಕ್ಕನ ಸಿಸಿಲಿಯ ಪಾಠ ನೆನಪಾಯಿತು.

ಕಾರಿನಲ್ಲಿ ಕೂತ ಮೇಲೆ ಹೇಳಿದೆ, "ಅಕ್ಕಾ, ಇವರು ಬೇರೆ ಫ್ರಾಂಕೊ. ಟೋನಿಯವರ ಕಡೆಯವರಲ್ಲ."

ಸುಧಕ್ಕನ ಮುಖ ಸಪ್ಪಗಾದದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆಮೇಲೆ ಕಾರು ಸ್ಟಾರ್ಟ್ ಮಾಡಿದರು.

"ಕುಂಕುಮ ಹಚ್ಚಿ ಕರದೀನಿ. ಇನ್ನ ಅವರು ನಮ್ಮವರಽ."

ಆದರೂ ಮರುದಿನ ಫೋನ್ ಮಾಡಿ ಹೆಕ್ಟರ್ ದಂಪತಿಗೆ ಎಲ್ಲವನ್ನೂ, ಧಾರೆಯ ವಿಷಯವನ್ನೂ ಬಿಚ್ಚಿ ಹೇಳಿದರು. ಮಾರ್ತಾ ಕೇಳಿದ್ದು ಒಂದೇ ಪ್ರಶ್ನೆಯಂತೆ: ತೆಂಗಿನಕಾಯಿಯನ್ನು ಮದುವೆಗೆ ವಾಪಸ್ ತರಬೇಕೋ, ತಿನ್ನಬಹುದೋ?

ಡಲ್ಲಾಸ್‌ನ ಆ ಮದುವೆಗೆ ಹ್ಯೂಸ್ಟನ್‌ನಿಂದ ಎರಡು ವ್ಯಾನ್ ತುಂಬ ಜನ ಬಂದರು. ಹೆಕ್ಟರ್ ಪಂಚೆಯ ಮೇಲೆ ಬೆಲ್ಟ್ ಬಿಗಿದಿದ್ದರು. ಪುರೋಹಿತರು ಗೋತ್ರ ಕೇಳಿದಾಗ ಗುಸುಗುಸು ಎದ್ದಿತು. "ಫ್ರಾಂಕೊ ಅಂತ ಹೇಳ್ರಿ ಆಚಾರ್ರ, ದೇವರಿಗೆ ತಿಳೀತದ" ಎಂದರು ಸುಧಕ್ಕ. ಪುರೋಹಿತರು ನಕ್ಕು ಹಾಗೇ ಹೇಳಿದರು. ಮಾರ್ತಾ ನೀರೆರೆದರು. ಲೀನಾಳ ಕೈ ಹಿಡಿದಿದ್ದ ಹೆಕ್ಟರ್ ಸಣ್ಣ ಮಗುವಿನ ಹಾಗೆ ಅತ್ತರು. ನಾನೂ ಅತ್ತೆ.

ಕಳೆದ ಚಳಿಗಾಲದಲ್ಲಿ ಸುಧಕ್ಕ ನಿದ್ದೆಯಲ್ಲೇ ಹೋಗಿಬಿಟ್ಟರು. ಅವರಿಲ್ಲದ ಕನ್ನಡ ಕೂಟ ನನಗೆ ಬೇಡವೆನಿಸುತ್ತದೆ. ಅಂತ್ಯಕ್ರಿಯೆಯ ದಿನ ಹಾಲ್‌ನಲ್ಲಿ ಸ್ನೇಹಿತರಾದ ನಾವು ಹಿಂದೆ ಕೂತೆವು. ಮನೆಯವರ ಸಾಲಿನಲ್ಲಿ ಲೀನಾಳ ಎರಡೂ ಪಕ್ಕಕ್ಕೆ ಹೆಕ್ಟರ್, ಮಾರ್ತಾ ಬಂದು ಕೂತರು. ಈ ಸಲ ಅವರನ್ನು ಯಾರೂ ಕರೆದಿರಲಿಲ್ಲ.