ಮೈದುನ ತಂದ ಕಾರಿನ ಸದ್ದು

ಆಗ ನಾವು ಕತಾರಿನ ಅಲ್ ಥುಮಾಮಾದಲ್ಲಿದ್ದೆವು. ನನ್ನ ಗಂಡನಿಗೆ ಸಮುದ್ರದ ನಡುವಿನ ತೈಲದ ರಿಗ್‌ನಲ್ಲಿ ಕೆಲಸ. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ನಾನು ಮತ್ತು ಕೆಲಸ ಸಿಕ್ಕಿ ಉಡುಪಿಯಿಂದ ಬಂದು ನಮ್ಮೊಂದಿಗೇ ಉಳಿದಿದ್ದ ಮೈದುನ. ಇದ್ದದ್ದು ಒಂದೇ ಕಾರು. ನಾನು ಅದರಲ್ಲಿ ಅಲ್ ಸದ್ದ್‌ನ ಆಫೀಸಿಗೆ ಹೋಗುತ್ತಿದ್ದೆ, ವಾರದ ರಜೆಯಾದ ಶುಕ್ರವಾರ ಮಾತ್ರ ಅದು ಅವನದು.

ಒಂದು ಗುರುವಾರ ಬೆಳಿಗ್ಗೆ ಕಾರನ್ನು ಎಣ್ಣೆ ಬದಲಿಸಲು ಗ್ಯಾರೇಜಿಗೆ ಬಿಟ್ಟೆ. ಸಂಜೆ ಮೈದುನ ಅದನ್ನು ಬಿಡಿಸಿಕೊಂಡು ಬಂದ. ಮರುದಿನ, ಅಲ್ ವಕ್ರಾದಲ್ಲಿ ಗೆಳೆಯನ ಮನೆಯಲ್ಲಿ ಊಟ ಎಂದು ಹೇಳಿ ಕಾರು ತೆಗೆದುಕೊಂಡು ಹೋದ. ರಜೆ ಮುಗಿದ ಮೇಲೆ ನಾನು ಕಾರು ಹೊರಡಿಸಿದರೆ ಎಂಜಿನ್ನಿನಿಂದ ಟಕ ಟಕ ಟಕ ಸದ್ದು. ಏಸಿ ಆರಿಸಿದೆ, ರೇಡಿಯೋ ನಿಲ್ಲಿಸಿದೆ, ಗಾಜು ಇಳಿಸಿದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಚುರುಕಾಗುತ್ತಿತ್ತು, ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ. ಸಿಗ್ನಲ್‌ನಲ್ಲಿ ಪಕ್ಕದ ಟ್ಯಾಕ್ಸಿಯವನೂ ತಿರುಗಿ ನೋಡಿದ.

ಆಫೀಸಿನ ಎದುರು ಕಾರು ನಿಲ್ಲಿಸಿ ಇಳಿಯುವಾಗ ಕಾಲಡಿಯ ಮ್ಯಾಟಿನ ಮೇಲೆ ಮರಳು ಕಂಡಿತು. ಕತಾರಿನಲ್ಲಿ ಧೂಳು ಎಲ್ಲೆಲ್ಲೂ ಇರುತ್ತದೆ. ಇದು ಧೂಳಲ್ಲ, ಬಿಳಿಯ ನಯವಾದ ಕಡಲ ಮರಳು. ಚಕ್ರದ ಸಂದಿನಲ್ಲೂ ಇತ್ತು. ದಕ್ಷಿಣಕ್ಕೆ, ಸೀಲೈನ್ ಎಂಬ ಕಡಲತೀರದ ಮರಳು ದಿಬ್ಬಗಳಲ್ಲಿ ಹುಡುಗರು ಕಾರು ಹಾರಿಸುವುದು ನನಗೆ ಗೊತ್ತಿತ್ತು. ಆ ದಿನ ಫೈಲುಗಳ ಮೇಲೆ ಕಣ್ಣಿತ್ತು, ಮನಸ್ಸು ಮರಳಿನಲ್ಲಿತ್ತು.

ಸಂಜೆ ಅವನನ್ನು ಕೇಳಿದೆ. "ಶುಕ್ರವಾರ ಎಲ್ಲಿಗೆ ಹೋದದ್ದು ನೀನು?"

"ಅಲ್ ವಕ್ರಾಕ್ಕೆ. ಹೇಳಿದ್ದೆನಲ್ಲ ಅತ್ತಿಗೆ."

"ಊಟಕ್ಕೆ ಮರಳು ಬಡಿಸಿದ್ರಾ?"

ಅವನು ಕಿವಿಯವರೆಗೆ ಕೆಂಪಾದ. "ಅಲ್ಲಿ ಪಾರ್ಕಿಂಗ್ ಇರುವುದೇ ಮರಳಲ್ಲಿ. ನಾನು ಎಂತ ಮಾಡ್ಲಿಲ್ಲ" ಎಂದು ಕೋಣೆ ಸೇರಿಕೊಂಡ. ತಪ್ಪು ಮಾಡಿದವನ ನಡಿಗೆ ಅದು ಎಂದು ನನಗೆ ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಕಾರನ್ನು ಅದೇ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಫೋರ್‌ಮನ್ ಕಾಸರಗೋಡಿನ ಕಡೆಯವನು, ನಮ್ಮ ಕನ್ನಡ ಆಡುತ್ತಾನೆ ಎಂಬ ಒಂದೇ ಕಾರಣಕ್ಕೆ ನಾವು ಅವನನ್ನು ನಂಬಿದ್ದೆವು. ಅವನು ಬಾನೆಟ್ ಎತ್ತಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟ. ಡಾಕ್ಟರರ ಹಾಗೆ ಮುಖ ಗಂಭೀರ ಮಾಡಿಕೊಂಡ.

"ಬೇರಿಂಗ್ ಹೋಗಿದೆ ಮೇಡಂ. ಎಂಜಿನ್ ಖಲಾಸ್. ಒಳ್ಳೆ ಸೆಕೆಂಡ್ ಹ್ಯಾಂಡ್ ಎಂಜಿನ್ ಒಂದುಂಟು, ನಾಳೆಯೇ ಕೂರಿಸುವ. ಕೀ ಇಲ್ಲೇ ಬಿಡಿ."

"ಅಡಿಯಿಂದ ನೋಡುವುದಿಲ್ವಾ?"

"ಅಡಿಯಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ಪಕ್ಕದಲ್ಲೇ ಲಿಫ್ಟ್ ಖಾಲಿ ನಿಂತಿತ್ತು. ಮೊದಲೆಲ್ಲ ಬೇಡವೆಂದರೂ ಕಾರನ್ನು ಮೇಲೆತ್ತಿ ಇದು ಸವೆದಿದೆ, ಅದು ಸೋರುತ್ತದೆ ಎಂದು ತೋರಿಸುತ್ತಿದ್ದವನು ಇವನೇ. ಈಗ ಬೇಡವೆನ್ನುತ್ತಿದ್ದಾನೆ. ಕೀಗೆ ಚಾಚಿದ ಅವನ ಕೈ ಹಾಗೇ ಇತ್ತು. ನಾನು ಕೀಯನ್ನು ಬ್ಯಾಗಿಗೆ ಹಾಕಿಕೊಂಡೆ. "ಮನೆಯವರನ್ನು ಕೇಳಿ ಹೇಳ್ತೇನೆ" ಎಂದು ಹೊರಟೆ. ಹೀಗೆ ನನ್ನ ಅನುಮಾನಕ್ಕೆ ಈಗ ಇಬ್ಬರಾದರು.

ನಡೆದದ್ದನ್ನು ಮೈದುನನಿಗೆ ಹೇಳಿದೆ. ಅವನು ಮೊದಲ ಬಾರಿ ಮುಖ ಎತ್ತಿ ಮಾತಾಡಿದ. "ಬೇರೆ ಗ್ಯಾರೇಜಲ್ಲಿ ಎತ್ತಿಸುವ ಅತ್ತಿಗೆ. ನಿಮ್ಮೆದುರೇ ನೋಡುವ."

ಅಂದೇ ಮಧ್ಯಾಹ್ನದ ಮೇಲೆ ನಿಧಾನವಾಗಿ ಓಡಿಸಿಕೊಂಡು ಅದೇ ಬೀದಿಯ ಇನ್ನೊಂದು ಗ್ಯಾರೇಜಿಗೆ ಹೋದೆವು. ಅಲ್ಲಿಯವರು ಕಾರನ್ನು ಲಿಫ್ಟಿಗೇರಿಸಿದರು. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತಗಡಿನ ಚೇಂಬರ್ ಒಳಕ್ಕೆ ಕುಸಿದು ಗುಳಿಬಿದ್ದಿತ್ತು.

"ನೋಡು!" ಎಂದೆ. "ದಿಬ್ಬಕ್ಕೆ ಹೊಡೆದದ್ದಲ್ಲದೆ ಇದೆಂತದ್ದು?"

ಮೈದುನ ಗುಳಿಯ ಕೆಳಗೆ ನಿಂತು ಬೆರಳಿನಿಂದ ಎಣ್ಣೆಜಿಡ್ಡು ಒರೆಸಿದ. ಗುಳಿ ದುಂಡಗಿತ್ತು. ಸುತ್ತಲೂ ಗೀರು ಒಂದೂ ಇರಲಿಲ್ಲ, ಅಂಚಿನಲ್ಲಿ ಮಾತ್ರ ಸಣ್ಣ ಹಲ್ಲು ಕಚ್ಚಿದಂಥ ಗುರುತುಗಳು. ಅವನು ಮೂಲೆಯಲ್ಲಿದ್ದ ಕಾರನ್ನೆತ್ತುವ ಟ್ರಾಲಿ ಜಾಕ್ ಎಳೆದು ತಂದ. ಲಿಫ್ಟನ್ನು ತಗ್ಗಿಸಲು ಹೇಳಿ, ಜಾಕಿನ ತಲೆಯನ್ನು ಗುಳಿಯವರೆಗೆ ಏರಿಸಿದ. ಆ ತಲೆಯ ಹಲ್ಲಿರುವ ಕಬ್ಬಿಣದ ಬಟ್ಟಲು ಗುಳಿಯಲ್ಲಿ ಮುಚ್ಚಳದಂತೆ ಕೂತಿತು.

ಗುರುವಾರ ಎಣ್ಣೆ ಬದಲಿಸುವಾಗ, ಲಿಫ್ಟ್ ಖಾಲಿ ಇರಲಿಲ್ಲವೇನೋ, ಯಾರೋ ಜಾಕನ್ನು ಸರಿಯಾದ ಜಾಗಕ್ಕೆ ಕೊಡದೆ ಚೇಂಬರಿಗೇ ಕೊಟ್ಟು ಕಾರನ್ನೆತ್ತಿದ್ದರು. ಚೇಂಬರ್ ಬಿಚ್ಚಿದಾಗ ಅದರ ಒಳಗೆ, ಗುಳಿಯ ಬೆನ್ನಿನ ಮೇಲೆ, ಹೊಳೆಯುವ ಒಂದು ಗೆರೆ ಇತ್ತು. ಮೇಲೆ ತಿರುಗುವ ಎಂಜಿನ್ನಿನ ದಂಡ, ಕ್ರ್ಯಾಂಕ್, ಸುತ್ತು ಸುತ್ತಿಗೂ ಅಲ್ಲಿಗೆ ತಾಗುತ್ತಿತ್ತು, ಸದ್ದು ಅದೇ. ಬೇರಿಂಗ್‌ಗಳು ಚೆನ್ನಾಗಿದ್ದವು. ತಗಡನ್ನು ಬಡಿದು ಸರಿಮಾಡಿ, ಹೊಸ ಗ್ಯಾಸ್ಕೆಟ್ ಇಟ್ಟು, ಎಣ್ಣೆ ತುಂಬಿ ಹೊರಡಿಸಿದರು. ಸದ್ದಿಲ್ಲ. ಆದರೂ ನಾನು ಬಹಳ ಹೊತ್ತು ಬಾನೆಟ್ ಹತ್ತಿರ ಕಿವಿಯಿಟ್ಟು ನಿಂತಿದ್ದೆ.

ಮನೆಗೆ ಮರಳುವಾಗ ಹಳೆಯ ಗ್ಯಾರೇಜಿನ ಎದುರು ನಿಲ್ಲಿಸಿ ಫೋರ್‌ಮನ್‌ಗೆ ವಿಷಯ ಹೇಳಿದೆ. "ಇಲ್ಲಿ ಆದದ್ದಲ್ಲ ಮೇಡಂ, ಮಾಫಿ" ಎಂದು ಅರಬ್ಬಿಯಲ್ಲೂ ಇಲ್ಲವೆಂದು ಹೇಳಿ ಬೇರೊಂದು ಕಾರಿನ ಕಡೆ ತಿರುಗಿದ. ಅವನು ಬೇಕೆಂದೇ ಮುಚ್ಚಿಟ್ಟನೋ, ನಿಜವಾಗಿ ತಿಳಿದಿರಲಿಲ್ಲವೋ ಇಂದಿಗೂ ಗೊತ್ತಿಲ್ಲ. ಅಲ್ಲಿಗೆ ಮತ್ತೆ ಹೋಗಲಿಲ್ಲ.

ಕಾರಿನಲ್ಲಿ ಮೈದುನ ತಾನಾಗಿಯೇ ಬಾಯಿಬಿಟ್ಟ. "ಗುರುವಾರ ತರುವಾಗಲೇ ಸದ್ದಿತ್ತು. ಹೇಳಿದ್ರೆ ನನ್ನ ಮೇಲೇ ಬರ್ತದೆ ಅಂತ ಸುಮ್ಮನಿದ್ದೆ."

"ಮರಳು?"

"ಸೀಲೈನಿಗೆ ಹೋದದ್ದು ಹೌದು. ಕಾರು ಹಾರಿಸ್ಲಿಕ್ಕಲ್ಲ." ಅವನೇ ಮುಂದುವರಿಸಿದ: "ಒಂದು ಹುಡುಗಿ ಉಂಟು ಅತ್ತಿಗೆ. ಇಲ್ಲಿಯೇ ನರ್ಸ್. ಅಣ್ಣನಿಗೆ ಈಗಲೇ ಹೇಳ್ಬೇಡಿ."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಬರುವ ಶುಕ್ರವಾರ ಅವಳನ್ನು ಊಟಕ್ಕೆ ಕರೆದುಕೊಂಡು ಬಾ ಎಂದೆ.

ಅವಳು ಬಂದಳು. ಕುಂದಾಪುರದವಳು, ಮಿತಭಾಷಿ. ನಾನು ಮೀನು ಬಡಿಸುತ್ತಾ ತಾಯಿ, ತಂದೆ, ಡ್ಯೂಟಿ, ಹಾಸ್ಟೆಲ್ ಎಂದು ಒಂದೊಂದನ್ನೇ ಕೇಳಿದೆ. ಎಲ್ಲಕ್ಕೂ ನೆಟ್ಟಗೆ ಉತ್ತರ ಕೊಟ್ಟಳು. ಕೊನೆಗೆ ಕೈ ತೊಳೆಯಲು ಎದ್ದವಳು ನಗುತ್ತಾ ಕೇಳಿದಳು: "ಅಕ್ಕ, ಇನ್ನು ಎಂತಾದ್ರೂ ಕೇಳ್ಲಿಕ್ಕೆ ಬಾಕಿ ಉಂಟಾ?"