ದೀಪ ಸಮಿತಿಯ ಹಸನಾಕ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸುವಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟಿನದೂ ಅಲ್ಲ, ಬೆಂದ ಗಂಜಿಯದೂ ಅಲ್ಲ, ಎರಡರ ನಡುವಿನದು. ಕಳೆದ ವರ್ಷ ಇಲ್ಲಿನ ರಾಷ್ಟ್ರೀಯ ದಿನಕ್ಕೆ ಎರಡು ದಿನ ಮುಂಚೆ, ದುಬೈಯ ಅಲ್ ಬರ್ಷಾದ ಮಗಳ ಫ್ಲ್ಯಾಟಿನಲ್ಲಿ ಮೊಮ್ಮಗಳು ಶಾಲೆಗೆಂದು ಕಾಗದದ ಬಾವುಟಗಳ ಮಾಲೆ ಮಾಡುತ್ತಾ ಕೂತಿದ್ದಳು. ಗಮ್ ಮುಗಿದುಹೋಗಿತ್ತು. ಅಂಗಡಿಗೆ ಯಾಕೆ, ನಾನೇ ಮಾಡಿಕೊಡುತ್ತೇನೆ ಎಂದು ಒಲೆಯ ಮೇಲೆ ಅಂಟು ಕಾಯಿಸಲು ಇಟ್ಟೆ. ಅವಳು ಅಡುಗೆಮನೆಗೆ ಬಂದು ಮೂಗು ಮುಚ್ಚಿಕೊಂಡು, "ಅಜ್ಜೀ, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ಏನು ಹೇಳಲಿ? ಐವತ್ತು ವರ್ಷಕ್ಕೂ ಹಿಂದಿನ ಒಂದು ಡಿಸೆಂಬರಿನ ವಾಸನೆ ಅದು. ಸೌಟು ತಿರುಗಿಸುವುದನ್ನು ಮರೆತು ನಿಂತುಬಿಟ್ಟೆ, ಅಂಟು ತಳ ಹಿಡಿಯಿತು.

ನಾನು ಹುಟ್ಟಿ ಬೆಳೆದದ್ದು ಒಂದು ಪುರಸಭೆಯ ಬೆನ್ನಿಗೆ ಅಂಟಿಕೊಂಡ ಮನೆಯಲ್ಲಿ. ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವ ಜಾಗದ ಸಣ್ಣ ಪೇಟೆ ನಮ್ಮದು. ಅಪ್ಪ ಪುರಸಭೆಯಲ್ಲಿ ಗುಮಾಸ್ತ. ಸಭೆಯ ನಡಾವಳಿ ಬರೆಯುವುದು, ಅಂದರೆ ಯಾರು ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಎಂಬುದನ್ನು ದೊಡ್ಡ ಪುಸ್ತಕದಲ್ಲಿ ದಾಖಲು ಮಾಡುವುದು ಅವರ ಕೆಲಸ. ಸಭಾಂಗಣದ ಹಿಂದಿನ ಎರಡು ಕೋಣೆ ಮತ್ತು ಒಂದು ಅಡುಗೆಮನೆ ನಮಗೆ ಕೊಟ್ಟ ಕ್ವಾರ್ಟರ್ಸ್. ನಡುವೆ ಒಂದು ಹಳೆಯ ಬಾಗಿಲು. ಅದರ ಹಲಗೆಗಳು ಒಣಗಿ ಬಿರುಕು ಬಿಟ್ಟಿದ್ದವು. ಬೇರೆ ಮಕ್ಕಳು ಕಥೆ ಕೇಳಿ ಬೆಳೆದರೆ ನಾನು ಆ ಬಿರುಕಿಗೆ ಕಿವಿಯಿಟ್ಟು ಚರಂಡಿ, ನಲ್ಲಿ, ಬೀದಿನಾಯಿ, ಮೀನು ಮಾರುಕಟ್ಟೆಯ ವಾಸನೆ ಇವುಗಳ ಚರ್ಚೆ ಕೇಳಿ ಬೆಳೆದೆ. ಅಧ್ಯಕ್ಷರಾಗಿದ್ದ ಶ್ರೀನಿವಾಸ ರಾಯರು ನಿವೃತ್ತ ಹೆಡ್ಮಾಸ್ಟರರು. ಸದಸ್ಯರು ಒಟ್ಟಿಗೆ ಮಾತಾಡಿದರೆ ಮೇಜಿಗೆ ರೂಲುಗೋಲು ಬಡಿದು "ಒಬ್ಬೊಬ್ಬರೇ, ಒಬ್ಬೊಬ್ಬರೇ" ಎನ್ನುತ್ತಿದ್ದರು. ಒಮ್ಮೆ ಬಸ್ ಸ್ಟ್ಯಾಂಡಿನ ನಲ್ಲಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಮೂರು ಸಭೆ ನಡೆದದ್ದು ನನಗೆ ನೆನಪಿದೆ. ಈಗ ನಗು ಬರುತ್ತದೆ. ಆದರೆ ಆ ಜನ ಅದನ್ನೆಲ್ಲ ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದರು!

ಆ ಸದಸ್ಯರಲ್ಲಿ ಒಬ್ಬರು ಹಸನಬ್ಬ. ಮಕ್ಕಳಾದ ನಮಗೆ ಹಸನಾಕ. ಬಂದರಿನಲ್ಲಿ ಒಣಮೀನಿನ ವ್ಯಾಪಾರ, ಮೀನು ಮಾರುಕಟ್ಟೆಯ ವಾರ್ಡಿನಿಂದ ಮತ್ತೆ ಮತ್ತೆ ಗೆದ್ದು ಬಂದವರು. ಬಿಳಿ ಲುಂಗಿ, ಅಗಲ ಹಸಿರು ಬೆಲ್ಟು, ತಲೆಗೆ ಬಿಳಿ ಟೊಪ್ಪಿ. ಅವರ ಮನೆ ನಮ್ಮ ಮನೆಯ ಹಿಂದಿನ ಇಳಿಜಾರಿನಲ್ಲಿ, ಹೊಳೆಯ ದಡದ ಮೇಲೇ ಇತ್ತು. ನಮ್ಮ ಹಿಂದಿನ ಕೋಣೆಯ ಕಿಟಕಿಯಲ್ಲಿ ನಿಂತರೆ ಅವರ ಮನೆಯ ಹಂಚಿನ ಮಾಡು, ಅದರಾಚೆ ಹೊಳೆ, ಹೊಳೆಯಾಚೆ ಎದುರು ದಡದ ತೆಂಗಿನ ಸಾಲು. ಸಭೆ ಮುಗಿಸಿ ಹೊರಡುವಾಗ ಹಸನಾಕ ಹಿತ್ತಲ ದಾರಿಯಲ್ಲೇ ಇಳಿದು ಹೋಗುತ್ತಿದ್ದರು. ಅಮ್ಮ ಬಾವಿಕಟ್ಟೆಯಲ್ಲಿದ್ದರೆ, "ಅಕ್ಕಾ, ಇವತ್ತು ನಿಮ್ಮ ಯಜಮಾನರು ನಾನು ಬೈದದ್ದನ್ನೆಲ್ಲ ಚಂದ ಮಾಡಿ ಬರ್ದಿದ್ದಾರೆ. ಓದಿದ್ರೆ ನನಗೇ ನನ್ನ ಮೇಲೆ ಗೌರವ ಬರ್ತದೆ" ಎಂದು ನಗಿಸಿ ಹೋಗುತ್ತಿದ್ದರು.

ಎಪ್ಪತ್ತೊಂದರ ಯುದ್ಧ ಶುರುವಾದಾಗ ನನಗೆ ಒಂಬತ್ತು ವರ್ಷ. ಸಮುದ್ರ ತೀರದ ಊರು, ಆದ್ದರಿಂದ ಸಂಜೆಯ ಮೇಲೆ ಹೊರಗೆ ಬೆಳಕು ಕಾಣಬಾರದು ಎಂದು ಜಿಲ್ಲಾ ಕಚೇರಿಯಿಂದ ಆದೇಶ ಬಂತು. ಪುರಸಭೆ ತುರ್ತು ಸಭೆ ಸೇರಿತು. ಅಪಾಯದ ಸೈರನ್ ನಮ್ಮಲ್ಲಿರಲಿಲ್ಲ. ಹಂಚಿನ ಕಾರ್ಖಾನೆಯ ಕೂಗನ್ನೇ ಮೂರು ಸಲ ಊದಿಸುವುದೆಂದು ತೀರ್ಮಾನವಾಯಿತು. ಶತ್ರುವಿನ ವಿಮಾನ ಇಷ್ಟು ಸಣ್ಣ ಊರಿಗೆ ಯಾಕೆ ಬರುತ್ತದೆ ಎಂದು ಯಾರೋ ಕೇಳಿದ್ದಕ್ಕೆ ಅಕ್ಕಿ ಗಿರಣಿಯ ದೇವಪ್ಪನವರಿಗೆ ಸಿಟ್ಟು ಬಂದುಬಿಟ್ಟಿತು. "ನಮ್ಮ ಊರು ಎಂತ ಕಮ್ಮಿ ಮಾರಾಯ್ರೆ? ಸೇತುವೆ ಉಂಟು, ಕಾರ್ಖಾನೆ ಉಂಟು, ನನ್ನ ಗಿರಣಿ ಉಂಟು!" ರಾಯರು ರೂಲುಗೋಲು ಬಡಿದರು. ಬಿರುಕಿನ ಈಚೆ ನಾನು ಬಾಯಿಗೆ ಲಂಗ ಒತ್ತಿಕೊಂಡು ನಕ್ಕೆ.

ಅದೇ ಸಭೆಯಲ್ಲಿ ದೀಪ ಸಮಿತಿ ಎಂಬುದೊಂದು ಹುಟ್ಟಿತು. ಹಸನಾಕ ಅದರ ಮುಖ್ಯಸ್ಥರು. ಮರುದಿನದಿಂದಲೇ ಬೀದಿದೀಪಗಳಿಗೆ ಸೀಮೆಎಣ್ಣೆ ಡಬ್ಬಿ ಕತ್ತರಿಸಿದ ಮುಚ್ಚಳ ಬಂತು. ಬಸ್ಸುಗಳ ಕಣ್ಣಿಗೆ ಅರ್ಧ ಕಪ್ಪು ಬಣ್ಣ ಬಂತು. ಮನೆಮನೆಯ ಕಿಟಕಿ ಗಾಜಿಗೆ ಕಪ್ಪು ಕಾಗದ. ಊರಿಗೆ ಊರೇ ಮೈದಾ ಅಂಟು ಕಾಯಿಸಿತು. ಸೂರ್ಯ ಮುಳುಗುವ ಹೊತ್ತಿಗೆ ಹಸನಾಕ ಸೈಕಲ್ ಹತ್ತಿ ಎಲ್ಲ ವಾರ್ಡುಗಳನ್ನೂ ಸುತ್ತುತ್ತಿದ್ದರು. ಅವರ ಗಂಟಲು ನಮ್ಮ ಓಣಿಯ ಆ ತುದಿಯಿಂದಲೇ ಕೇಳುತ್ತಿತ್ತು: "ಓ ಕಮಲಕ್ಕಾ, ನಿಮ್ಮ ಅಡುಗೆಮನೆ ಬೆಳಕು ಕರಾಚಿಗೆ ಕಾಣ್ತದೆ! ಮೀನು ಕತ್ತಲಲ್ಲೇ ಬೇಯ್ಲಿ, ಅದಕ್ಕೇನು ಹೆದರಿಕೆಯಾ?" ಬೈಸಿಕೊಂಡವರೂ ನಗುತ್ತಾ ದೀಪ ತಗ್ಗಿಸುತ್ತಿದ್ದರು.

ನಾನು ಅಲ್ಲಿಯವರೆಗೆ ವಿಮಾನ ನೋಡಿರಲಿಲ್ಲ. ಬರುತ್ತದಂತೆ, ಬರುತ್ತದಂತೆ ಎಂದು ಎಲ್ಲರೂ ಹೇಳುವಾಗ, ಬಂದರೆ ನನಗೆ ಕಾಣುವುದಿಲ್ಲವಲ್ಲ ಎಂಬುದೊಂದೇ ನನ್ನ ಸಂಕಟ. ಹಿಂದಿನ ಕೋಣೆಯ ಕಿಟಕಿಯಲ್ಲಿ, ಅಮ್ಮ ಅಷ್ಟು ಜತನದಿಂದ ಅಂಟಿಸಿದ ಕಾಗದವನ್ನು ಉಗುರಿನಿಂದ ಸ್ವಲ್ಪ ಕಿತ್ತೆ. ಮೊದಲ ದಿನ ನಾಣ್ಯದಷ್ಟು. ಆಕಾಶ ಸರಿಯಾಗಿ ಕಾಣಲಿಲ್ಲ. ಮೂರನೆಯ ದಿನದ ಹೊತ್ತಿಗೆ ಅದು ನನ್ನ ಅಂಗೈಯಷ್ಟಾಗಿತ್ತು. ಹಗಲಿನಲ್ಲಿ ನನ್ನ ಪಾಟಿಚೀಲವನ್ನು ಅಲ್ಲಿ ಒರಗಿಸಿಡುತ್ತಿದ್ದೆ. ಸಂಜೆ ಅಪ್ಪ ಅದೇ ಕೋಣೆಯ ಬಲ್ಬಿನ ಕೆಳಗೆ ನಡಾವಳಿ ನಕಲು ಮಾಡುತ್ತಾ ಗೋಡೆಯ ಕಡೆ ಮುಖಮಾಡಿ ಕೂತಿರುವಾಗ, ನಾನು ಅವರ ಬೆನ್ನ ಹಿಂದೆ ಚೀಲ ಸರಿಸಿ, ಕಣ್ಣಿಟ್ಟು, ಕತ್ತು ನೋಯುವಾಗ ತಲೆ ತೆಗೆದು, ಮತ್ತೆ ಇಡುತ್ತಿದ್ದೆ.

ಆ ವಾರದ ಕೊನೆಗೆ ಇನ್ನೊಂದು ಸಭೆ. ಶಾಲೆಗೆ ರಜೆ ಕೊಟ್ಟಿದ್ದರು, ನಾನು ಎಂದಿನಂತೆ ಬಾಗಿಲ ಬಳಿ ಇದ್ದೆ. ದೇವಪ್ಪನವರು ಎದ್ದರು, ಆದರೆ ಅವರ ದನಿ ಎಂದಿನದಾಗಿರಲಿಲ್ಲ. ಎದುರು ದಡದ ಜನ ಮೂರು ಸಂಜೆಯಿಂದ ಒಂದು ಬೆಳಕು ನೋಡುತ್ತಿದ್ದಾರಂತೆ. ಒಮ್ಮೆ ಹೊತ್ತುತ್ತದೆ, ಒಮ್ಮೆ ಆರುತ್ತದೆ, ಸಮುದ್ರದ ಕಡೆಗೆ ಯಾರೋ ಸನ್ನೆ ಮಾಡಿದ ಹಾಗೆ. "ಬೆಳಕು ಬರುವುದು ಹಸನಬ್ಬನವರ ಮನೆಯಿಂದ. ಅವರ ತಮ್ಮ ದುಬೈಯಲ್ಲಿದ್ದಾನೆ. ರೇಡಿಯೋ ಕಳಿಸಿದ್ದಾನೆ. ದುಬೈ ಅಂದ್ರೆ ಎಲ್ಲಿ? ಅಲ್ಲೇ, ಕರಾಚಿ ಪಕ್ಕ." ಅವರನ್ನು ಸಮಿತಿಯಿಂದ ತೆಗೆಯಬೇಕು, ಪೊಲೀಸರಿಗೆ ಪತ್ರ ಬರೆಯಬೇಕು ಎಂಬ ಠರಾವನ್ನು ಮುಂದಿಟ್ಟರು. ಆಮೇಲೆ ಹಸನಾಕರ ಮಾತು ಕೇಳಿತು. ಓಣಿಯ ಆ ತುದಿಗೆ ಕೇಳುತ್ತಿದ್ದ ಗಂಟಲು ಬಿರುಕಿನ ಈಚೆಗೇ ಸರಿಯಾಗಿ ಕೇಳಲಿಲ್ಲ. "ದೇವಪ್ಪಣ್ಣ, ನಿಮ್ಮ ಗಿರಣಿಗೆ ಬೆಂಕಿ ಬಿದ್ದ ದಿನ ಹೊಳೆಯಿಂದ ನೀರು ಹೊತ್ತವರಲ್ಲಿ ಮೊದಲನೆಯವ ನಾನು. ಈಗ ನಾನೇ ಬೆಂಕಿ ತೋರಿಸ್ತೇನಾ?" ಊಟದ ನಂತರ ಮತಕ್ಕೆ ಹಾಕೋಣ ಎಂದು ರಾಯರು ಸಭೆಗೆ ಬಿಡುವು ಕೊಟ್ಟರು.

ಅಪ್ಪ ಊಟಕ್ಕೆ ಬಂದು ಕೂತರು. ಅಮ್ಮ ಬಡಿಸಿ, ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ನಾನು ಅವರ ಎದುರು ನಿಂತೆ. "ಅಪ್ಪಾ, ಆ ಬೆಳಕು ನಮ್ಮದು" ಎಂದೆ. ಅವರ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಬಂದು ಚೀಲ ಸರಿಸಿ ಕಿಟಕಿ ನೋಡಿದರು. ಬಗ್ಗಿ, ಆ ತೂತಿನಿಂದ ಕೆಳಗಿನ ಹಸನಾಕರ ಮಾಡನ್ನು, ಅದರ ನೇರಕ್ಕೇ ಇದ್ದ ಎದುರು ದಡವನ್ನು ನೋಡಿದರು. "ನೀನು ಇಲ್ಲಿ ತಲೆ ಇಟ್ಟು ತೆಗೆದು ಮಾಡ್ತಿದ್ದಿಯಾ?" ಎಂದಷ್ಟೇ ಕೇಳಿದರು. ಹೌದೆಂದು ತಲೆಯಾಡಿಸಿದೆ. ಹೊಡೆಯುತ್ತಾರೆಂದುಕೊಂಡೆ. ಅವರು ಕೈ ತೊಳೆದು, ಗೂಟದ ಕೋಟು ತೆಗೆದು ಹಾಕಿಕೊಂಡು, "ಯಾರ ಹತ್ತಿರವೂ ಹೇಳಬೇಡ. ಅಮ್ಮನ ಹತ್ತಿರವೂ" ಎಂದು ಹೊರಟರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಮತ್ತೆ ಸಭೆ ಸೇರಿದಾಗ, ಎಂದೂ ಬಾಯಿ ತೆರೆಯದ ಅಪ್ಪನ ದನಿ ಕೇಳಿತು. "ಅಧ್ಯಕ್ಷರಲ್ಲಿ ಒಂದು ವಿಜ್ಞಾಪನೆ." ರಾಯರು ಗಾಬರಿಯಾದರು. "ವಾಸುದೇವ, ಗುಮಾಸ್ತರಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ, ನಿನಗೇ ಗೊತ್ತಲ್ಲ." ಆಗ ಹಸನಾಕ ಎಂದರು, "ಸದಸ್ಯನಿಗೆ ಉಂಟಲ್ಲ ಹಕ್ಕು? ಉತ್ತರ ಕೊಡ್ಲಿಕ್ಕೆ ನನಗೆ ಇಟ್ಟ ಹೊತ್ತನ್ನು ವಾಸಣ್ಣನಿಗೆ ಕೊಟ್ಟಿದ್ದೇನೆ. ಅವರು ಮಾತಾಡ್ಲಿ." ಅಪ್ಪ ಏನು ಹೇಳಲಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಇದ್ದ ಒಂದೇ ಅವಕಾಶವನ್ನು, ಏನನ್ನೂ ಕೇಳದೆ, ಎತ್ತಿ ಕೊಟ್ಟುಬಿಟ್ಟರು.

"ಆ ಬೆಳಕು ನನ್ನ ಮನೆಯದು" ಎಂದರು ಅಪ್ಪ. "ಹಿಂದಿನ ಕಿಟಕಿಯ ಕಾಗದ ಹರಿದಿದೆ. ಹೊಳೆಯಾಚೆಯಿಂದ ನೋಡಿದರೆ ಹಸನಬ್ಬನವರ ಮನೆಯದೇ ಅನ್ನಿಸುತ್ತದೆ." ದೇವಪ್ಪನವರು ಬಿಡಲಿಲ್ಲ. "ಮತ್ತೆ ಹೊತ್ತಿ ಆರುವುದು?" ಅಪ್ಪ ಹೇಳಿದರು, "ನಾನು ನಡಾವಳಿ ಬರೆಯುವಾಗ ಕಿಟಕಿಯ ಹತ್ತಿರ ಓಡಾಡುತ್ತಿರುತ್ತೇನೆ." "ಕಾಗದ ಹರಿದದ್ದು ಯಾರು?" ಎಂದು ರಾಯರು ಕೇಳಿದರು. "ನಾನೇ. ಸೆಕೆಗೆ." ಜೀವಮಾನದಲ್ಲಿ ಒಂದು ಅಕ್ಷರ ಸುಳ್ಳು ಬರೆಯದ ಮನುಷ್ಯ, ಊರಿನ ಹಿರಿಯರೆಲ್ಲ ಕೂತ ಸಭೆಯಲ್ಲಿ, ಡಿಸೆಂಬರ್ ತಿಂಗಳಲ್ಲಿ, ಸೆಕೆಗೆ ಎಂದುಬಿಟ್ಟರು. ನಾನು ಬಾಗಿಲು ತೆರೆದು ಒಳಗೆ ನುಗ್ಗಬೇಕಿತ್ತು. ನುಗ್ಗಲಿಲ್ಲ. ಬಾಗಿಲಿನ ಚಿಲಕ ಹಿಡಿದುಕೊಂಡೇ ಅತ್ತೆ.

ಮರುದಿನ ಬೆಳಿಗ್ಗೆ ಹಸನಾಕ ಒಂದು ಕಪ್ಪು ಕಾಗದದ ಸುರುಳಿ, ತೆಂಗಿನ ಚಿಪ್ಪಿನಲ್ಲಿ ಬಿಸಿ ಮೈದಾ ಅಂಟು ಹಿಡಿದು ನಮ್ಮ ಹಿತ್ತಲ ಮೆಟ್ಟಿಲೇರಿ ಬಂದರು. ದೀಪ ಸಮಿತಿಯ ಕೆಲಸ, ನಾನೇ ಮಾಡಬೇಕು ಎಂದು ಹಟ ಹಿಡಿದು ನೆಲಕ್ಕೆ ಮೊಣಕಾಲೂರಿ ಕೂತು ಆ ತೂತನ್ನು ಮುಚ್ಚಿದರು. ಅಪ್ಪ ಪಕ್ಕದಲ್ಲಿ ಚಿಪ್ಪು ಹಿಡಿದು ನಿಂತಿದ್ದರು. ಹೋಗುವಾಗ ಹಸನಾಕ ಅಂಟು ಮೆತ್ತಿದ ಬೆರಳಿನಿಂದ ನನ್ನ ಮೂಗಿನ ತುದಿ ಮುಟ್ಟಿದರು. ಆ ದಿನವಿಡೀ ನನಗೆ ಬೇರೆ ಯಾವ ವಾಸನೆಯೂ ಬರಲಿಲ್ಲ.

ಯುದ್ಧ ಬೇಗ ಮುಗಿಯಿತು. ವಿಮಾನ ಬರಲೇ ಇಲ್ಲ. ಆದರೆ ಪುರಸಭೆಯ ಆವರಣದಿಂದಲೇ ಬೆಳಕು ಹೋದದ್ದರ ಬಗ್ಗೆ ಮೇಲಿನವರಿಗೆ ಯಾರೋ ಅರ್ಜಿ ಬರೆದರು. ಅಪ್ಪನಿಗೆ ಮೆಮೊ ಬಂತು, ಬೇಸಿಗೆಯ ಹೊತ್ತಿಗೆ ಘಟ್ಟದ ಮೇಲಿನ ಯಾವುದೋ ಪುರಸಭೆಗೆ ವರ್ಗವಾಯಿತು. ಸಾಮಾನು ಲಾರಿಗೇರಿಸುವ ದಿನ ಊರಿನ ಅರ್ಧ ಜನ ಬಂದಿದ್ದರು. ದೇವಪ್ಪನವರು ಒಂದು ಮೂಟೆ ಅಕ್ಕಿ ತಂದು, ಯಾರಿಗೂ ಮುಖ ಕೊಡದೆ ತಾವೇ ಲಾರಿಗೆ ಹಾಕಿ ಹೋದರು. ಅಮ್ಮ ಹೊಸ ಊರಿನ ಚಳಿಯನ್ನೂ ಗಡಸು ನೀರನ್ನೂ ಬೈಯುತ್ತಾ ಆ ಹೊಳೆಯ ದಡವನ್ನು ನೆನೆಸಿಕೊಂಡು ಉಳಿದ ಕಾಲ ಕಳೆದಳು. ಅದೆಲ್ಲ ಯಾಕಾಯಿತೆಂದು ಅಪ್ಪ ಅವಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮದುವೆಯಾಗಿ ನಾನು ಅಬುಧಾಬಿಗೆ ಬಂದೆ. ಗಂಡನಿಗೆ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಮನೆ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ. ಅಪ್ಪ ತೀರಿಕೊಂಡ ಕೆಲವು ವರ್ಷಗಳ ಮೇಲೆ, ಅದೇ ಬೀದಿಯ ಕಿರಾಣಿ ಅಂಗಡಿಯಲ್ಲಿ ಊರಿನವರೊಬ್ಬರು ಸಿಕ್ಕಿ, ಹಸನಬ್ಬ, ದುಬೈ ಬಿಟ್ಟು ಇಲ್ಲಿಗೆ ಬಂದ ತಮ್ಮನ ಮನೆಗೆ ಬಂದಿದ್ದಾರೆ, ಎರಡು ಕಟ್ಟಡ ಆಚೆ ಎಂದರು. ಓಡಿದೆ. ಬೆಲ್ಟು ಇರಲಿಲ್ಲ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹೇಳುವ ಮೊದಲೇ, "ವಾಸಣ್ಣನ ಮಗಳಲ್ವಾ?" ಎಂದರು. ಚಾ ಕುಡಿದು, ನಡೆಯೋಣ ಎಂದು ನನ್ನನ್ನೇ ಎಬ್ಬಿಸಿದರು. ರಸ್ತೆಯಲ್ಲಿ ಅವರು ಕಟ್ಟಡಗಳನ್ನು ನೋಡಲಿಲ್ಲ. ಚರಂಡಿಯ ಮುಚ್ಚಳ, ಕಸದ ಡಬ್ಬಿ, ಮಸೀದಿಯ ಹೊರಗಿನ ನೀರಿನ ನಲ್ಲಿ ನೋಡಿದರು. "ಇಲ್ಲಿನ ಬಲದಿಯದವರು ಕೆಲಸ ಗೊತ್ತಿದ್ದವರು" ಎಂದು ಸರ್ಟಿಫಿಕೇಟ್ ಕೊಟ್ಟರು. ಬಲದಿಯ ಎಂದರೆ ಇಲ್ಲಿನ ಪುರಸಭೆ.

ಆಗ ನನಗೆ ತಡೆಯಲಾಗಲಿಲ್ಲ. "ಹಸನಾಕ, ಆ ಕಾಗದ ಹರಿದದ್ದು ಅಪ್ಪ ಅಲ್ಲ" ಎಂದೆ.

ಅವರು ನಿಂತರು. "ಗೊತ್ತುಂಟು ಮಗಳೇ. ನಿನ್ನ ಅಪ್ಪ ಆರಡಿ ಆಳು. ಆ ತೂತು ಮುಚ್ಚಲಿಕ್ಕೆ ನಾನು ಮೊಣಕಾಲೂರಿದ್ದೆ."

"ಅಪ್ಪನ ಹತ್ತಿರ ಹೇಳಲೇ ಇಲ್ವಾ?"

"ಎಂತ ಹೇಳುದು? ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಿತ್ತು. ನಾನು ಮೊಣಕಾಲೂರುವಾಗ ಅವರು ಆಚೆ ಮುಖ ಮಾಡಿದ್ರು. ಅವರು ನಿನ್ನನ್ನು ಉಳಿಸಿದ್ರು, ನನ್ನನ್ನೂ ಉಳಿಸಿದ್ರು. ನಾನು ಬಾಯಿ ಬಿಟ್ರೆ ಅವರ ಸುಳ್ಳು ಹಾಳಾಗ್ತಿತ್ತು." ಸ್ವಲ್ಪ ದೂರ ನಡೆದ ಮೇಲೆ ಕೇಳಿದರು, "ಅಷ್ಟು ನೋಡಿದ್ದೀಯಲ್ಲ, ಎಂತ ಕಂಡಿತು?"

"ಎಂತ ಇಲ್ಲ. ನಿಮ್ಮ ಮನೆಯ ಮಾಡು ಕಾಣ್ತಿತ್ತು."

ಅವರು ರಸ್ತೆಯಲ್ಲೇ ಗಟ್ಟಿಯಾಗಿ ನಕ್ಕರು. ಎದುರಿನಿಂದ ಬರುತ್ತಿದ್ದ ಇಬ್ಬರು ತಿರುಗಿ ನೋಡಿದರು. ನನಗೂ ನಗು ಬಂತು, ನಗುತ್ತಲೇ ಕಣ್ಣೀರೂ ಬಂತು.

ಅದೇ ಕೊನೆ. ಮರುವರ್ಷದ ಮಳೆಗಾಲದಲ್ಲಿ ಹಸನಾಕ ಊರಿನಲ್ಲಿ ತೀರಿಕೊಂಡರು. ರಾಯರು, ದೇವಪ್ಪನವರು ಅದಕ್ಕೂ ಮೊದಲೇ ಹೋಗಿದ್ದರು. ಪುರಸಭೆಯ ಹಂಚಿನ ಕಟ್ಟಡ ಕೆಡವಿ ಮೂರು ಮಹಡಿಯ ಕಾಂಪ್ಲೆಕ್ಸ್ ಕಟ್ಟಿದರು. ನಮ್ಮ ಎರಡು ಕೋಣೆಗಳಿದ್ದ ಜಾಗ ಈಗ ಸ್ಕೂಟರ್ ನಿಲ್ಲಿಸುವ ತಾಣ. ಒಮ್ಮೆ ರಜೆಗೆ ಹೋದಾಗ ಅಲ್ಲಿನ ಗುಮಾಸ್ತೆಯನ್ನು ಬೇಡಿಕೊಂಡು ಹಳೆಯ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಆ ದಿನದ ಪುಟ ಇತ್ತು. ಗುಮಾಸ್ತನ ಮಾತು ನಡಾವಳಿಗೆ ಸೇರುವಂತಿಲ್ಲವಾದ್ದರಿಂದ ಅಪ್ಪ ತಮ್ಮ ಮಾತನ್ನು ಬರೆದಿರಲಿಲ್ಲ. ಅವರ ಮುತ್ತಿನಂಥ ಅಕ್ಷರದಲ್ಲಿ ಇದ್ದದ್ದು ಒಂದೇ ಸಾಲು: ಸದಸ್ಯರ ಸಂಶಯ ನಿವಾರಣೆಯಾದ ಪ್ರಯುಕ್ತ ಠರಾವನ್ನು ಕೈಬಿಡಲಾಯಿತು. ಸುಳ್ಳು ಹೇಳಿ ಬಂದವರು, ಬರೆಯುವಾಗ ಸುಳ್ಳು ಬರೆದಿರಲಿಲ್ಲ. ಆ ಸಭೆಯಲ್ಲಿ ಕೂತವರು ಯಾರೂ ಈಗಿಲ್ಲ. ಅಲ್ಲಿ ಯಾರು ಯಾರಿಗಾಗಿ ಏನು ಮಾಡಿದರೆಂದು ಬಲ್ಲವಳು, ಸದಸ್ಯೆಯಲ್ಲದ, ಒಳಗೆ ಬರಲು ಧೈರ್ಯವಿಲ್ಲದೆ ಚಿಲಕ ಹಿಡಿದು ನಿಂತಿದ್ದ ನಾನೊಬ್ಬಳೇ.